ಶ್ವಾಸಕೋಶ ಚೆನ್ನಾಗಿತ್ತು, ಉಸಿರು ನಿಂತಿತ್ತು: ಕೋಪನ್‌ಹೇಗನ್ 1952

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದ್ದೀರಿ ಅಂದ್ಕೊಳ್ತೀನಿ. ಈ ಸಂಚಿಕೆ ಮುಗಿಯೋ ಹೊತ್ತಿಗೆ ನೀವು ಹತ್ತಿರ ಹತ್ತಿರ ಮುನ್ನೂರು ಸಲ ಉಸಿರಾಡಿರ್ತೀರಿ. ಮಾಮೂಲಿ ದಿನವಾಗಿದ್ದರೆ ಅದರಲ್ಲಿ ಒಂದು ಸಲವೂ ಉಸಿರಿನ ಬಗ್ಗೆ ಯೋಚನೆ ಮಾಡ್ತಿರಲಿಲ್ಲ. ಇವತ್ತು ಮಾಡೋಣ.

1952ರ ಆಗಸ್ಟ್ ತಿಂಗಳು. ಡೆನ್ಮಾರ್ಕ್ ದೇಶದ ರಾಜಧಾನಿ ಕೋಪನ್‌ಹೇಗನ್. ಅಲ್ಲಿ ಬ್ಲೆಗ್‌ಡಮ್ ಅನ್ನೋ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ. ಊರಿಗೆಲ್ಲ ಪೋಲಿಯೋ ಹಬ್ಬಿತ್ತು. ಉಸಿರಾಡೋಕೆ ಕಷ್ಟಪಡ್ತಿದ್ದ 31 ಜನರಿಗೆ ಮೊದಲ ಮೂರು ವಾರದಲ್ಲಿ ಅಲ್ಲಿನ ವೈದ್ಯರು ತಮ್ಮ ಹತ್ತಿರ ಇದ್ದ ಉಸಿರಾಟದ ಯಂತ್ರಗಳನ್ನೆಲ್ಲ ಹಾಕಿ ನೋಡಿದರು. 27 ಜನ ತೀರಿಕೊಂಡರು. ಅವರಲ್ಲಿ ಬಹಳಷ್ಟು ಜನ ಮಕ್ಕಳು.

ಇಲ್ಲಿ ಒಂದು ವಿಚಿತ್ರ ಇದೆ. ಈ ರೋಗಿಗಳ ಶ್ವಾಸಕೋಶಕ್ಕೆ ಪೋಲಿಯೋ ತಗುಲಿರಲಿಲ್ಲ. ಪೋಲಿಯೋ ವೈರಸ್ ಹಾಳು ಮಾಡೋದು ನರಕೋಶಗಳನ್ನು. ಶ್ವಾಸಕೋಶ ಗಾಳಿಗಾಗಿ ಕಾಯ್ತಾ ಕೂತಿತ್ತು, ಗಾಳಿಯನ್ನು ಒಳಗೆ ತರೋರು ಯಾರೂ ಇರಲಿಲ್ಲ. ಈ ಒಂದು ವಿಷಯ ಸರಿಯಾಗಿ ಅರ್ಥವಾಗಿದ್ದರಿಂದ ಆ ಆಸ್ಪತ್ರೆಯಲ್ಲಿ ನೂರಾರು ಜೀವ ಉಳಿಯಿತು. ಇವತ್ತು ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ಹಾವು ಕಚ್ಚಿದವರು ಬದುಕಿ ಮನೆಗೆ ಹೋಗೋದಕ್ಕೂ ಆ ಕಥೆಗೂ ನೇರ ಸಂಬಂಧ ಇದೆ.

ಬಾಟಲಿ ಮತ್ತು ಬಲೂನು

ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ತೋರಿಸಿದ ಒಂದು ಮಾದರಿ ನೆನಪಿದೆಯಾ? ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ, ಒಳಗೆ ನೇತಾಡೋ ಎರಡು ಬಲೂನು, ತಳಕ್ಕೆ ಬಿಗಿಯಾಗಿ ಕಟ್ಟಿದ ರಬ್ಬರ್ ಹಾಳೆ. ಹಾಳೆಯನ್ನು ಕೆಳಗೆ ಎಳೆದರೆ ಬಲೂನು ಉಬ್ಬುತ್ತೆ. ಬಿಟ್ಟರೆ ಕುಗ್ಗುತ್ತೆ. ಬಲೂನನ್ನು ಯಾರೂ ಮುಟ್ಟಿರೋದೇ ಇಲ್ಲ.

ನಮ್ಮ ದೇಹದಲ್ಲೂ ನಡೆಯೋದು ಅದೇ. ಶ್ವಾಸಕೋಶಕ್ಕೆ ತನ್ನನ್ನು ತಾನು ಹಿಗ್ಗಿಸಿಕೊಳ್ಳೋ ಶಕ್ತಿ ಇಲ್ಲ. ಅದು ಸ್ಪಂಜಿನ ಹಾಗೆ, ಬಿಟ್ಟರೆ ಕುಗ್ಗೋದೊಂದೇ ಅದಕ್ಕೆ ಗೊತ್ತು. ಎದೆ ಮತ್ತು ಹೊಟ್ಟೆಯ ನಡುವೆ ಗುಮ್ಮಟದ ಹಾಗೆ ಹರಡಿರೋ ಒಂದು ಸ್ನಾಯು ಇದೆ, ಪಠ್ಯಪುಸ್ತಕದಲ್ಲಿ ಅದನ್ನು ‘ವಪೆ’ ಅಂತಾರೆ. ವಪೆ ಕೆಳಗಿಳಿದಾಗ, ಪಕ್ಕೆಲುಬಿನ ನಡುವಿನ ಸ್ನಾಯುಗಳು ಎದೆಗೂಡನ್ನು ಮೇಲೆತ್ತಿದಾಗ ಒಳಗೆ ಜಾಗ ಹೆಚ್ಚಾಗುತ್ತೆ. ಆ ಜಾಗಕ್ಕೆ ಗಾಳಿ ನುಗ್ಗುತ್ತೆ. ಈ ಸ್ನಾಯುಗಳಿಗೆ ಆರ್ಡರ್ ಬರೋದು ಮೆದುಳಿನಿಂದ, ಬೆನ್ನುಹುರಿಯ ದಾರಿಯಲ್ಲಿ. ವಪೆಗೆ ಹೋಗೋ ನರ ಹೊರಡೋದು ಕುತ್ತಿಗೆಯ ಮಟ್ಟದಿಂದ.

ಅಂದರೆ ಉಸಿರಾಟ ಒಂದು ಸರಪಳಿ. ಮೆದುಳು, ಬೆನ್ನುಹುರಿ, ನರ, ಸ್ನಾಯು, ಎದೆಗೂಡು, ಆಮೇಲೆ ಶ್ವಾಸಕೋಶ. ಮೊದಲಿನ ಐದರಲ್ಲಿ ಯಾವ ಕೊಂಡಿ ಕಳಚಿದರೂ ಕೊನೆಯದಕ್ಕೆ ಗಾಳಿ ಸಿಗಲ್ಲ.

ಇದನ್ನು ಮೊದಲು ಗಮನಿಸಿದವರಲ್ಲಿ ಗೇಲನ್ ಒಬ್ಬ. ಎರಡನೇ ಶತಮಾನದ ಗ್ರೀಕ್ ವೈದ್ಯ, ಇವತ್ತಿನ ಟರ್ಕಿಯಲ್ಲಿರೋ ಪೆರ್ಗಮಾನ್ ಊರಿನವನು. ಅಖಾಡದಲ್ಲಿ ಕತ್ತಿ ಹಿಡಿದು ಹೊಡೆದಾಡೋ ಗ್ಲಾಡಿಯೇಟರ್‌ಗಳಿಗೆ ಚಿಕಿತ್ಸೆ ಕೊಡೋದು ಅವನ ಕೆಲಸ. ಕುತ್ತಿಗೆ ಹತ್ತಿರ ಪೆಟ್ಟು ಬಿದ್ದವರಲ್ಲಿ ಕೆಲವರ ಎದೆ ಅಲ್ಲಾಡಲ್ಲ, ಹೊಟ್ಟೆಯ ಕಡೆ ಮಾತ್ರ ಉಸಿರಾಟ ಕಾಣುತ್ತೆ ಅನ್ನೋದನ್ನು ಅವನು ನೋಡಿದ. ಪ್ರಾಣಿಗಳ ಬೆನ್ನುಹುರಿಯನ್ನು ಬೇರೆ ಬೇರೆ ಎತ್ತರದಲ್ಲಿ ಕತ್ತರಿಸಿ ಏನಾಗುತ್ತೆ ಅಂತ ಪರೀಕ್ಷೆಯನ್ನೂ ಮಾಡಿದ. ಎಷ್ಟೋ ಶತಮಾನ ಆದ ಮೇಲೆ, 1674ರಲ್ಲಿ, ಇಂಗ್ಲೆಂಡಿನ ಜಾನ್ ಮೇಯೋ ಒಂದು ತಿದಿಯೊಳಗೆ ಪ್ರಾಣಿಯ ಮೂತ್ರಚೀಲ ಇಟ್ಟು, ತಿದಿ ಹಿಗ್ಗಿದರೆ ಚೀಲವೂ ಉಬ್ಬುತ್ತೆ ಅಂತ ತೋರಿಸಿದ. ನಮ್ಮ ಮೇಷ್ಟ್ರ ಬಾಟಲಿ-ಬಲೂನಿಗೆ ಅದೇ ಮುತ್ತಜ್ಜ.

ಸತ್ತು ಬದುಕಿದ ಕತ್ತೆ

ಸರಪಳಿ ಹೊರಗೆ ತುಂಡಾದರೆ ಜೀವ ಉಳಿಸಬಹುದಾ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಕತ್ತೆಯಿಂದ.

ದಕ್ಷಿಣ ಅಮೆರಿಕದ ಕಾಡಿನ ಬೇಟೆಗಾರರು ಬಾಣದ ತುದಿಗೆ ಒಂದು ಗಿಡದ ವಿಷ ಹಚ್ಚುತ್ತಿದ್ದರು. ಹೆಸರು ಕ್ಯುರಾರೆ. ಅದು ನರದಿಂದ ಸ್ನಾಯುವಿಗೆ ಹೋಗೋ ಸಂದೇಶವನ್ನು ತಡೆಯುತ್ತೆ. ಹೃದಯ ಬಡೀತಾ ಇರುತ್ತೆ, ಶ್ವಾಸಕೋಶ ಸರಿಯಾಗೇ ಇರುತ್ತೆ, ಆದರೆ ಸ್ನಾಯುಗಳೆಲ್ಲ ಸಡಿಲವಾಗಿ ಪ್ರಾಣಿ ಉಸಿರು ನಿಂತು ಸಾಯುತ್ತೆ. ಚಾರ್ಲ್ಸ್ ವಾಟರ್‌ಟನ್ ಅನ್ನೋ ಇಂಗ್ಲಿಷ್ ಪ್ರವಾಸಿ 1812ರಲ್ಲಿ ಗಯಾನಾದ ಕಾಡು ಸುತ್ತಿ ಈ ವಿಷವನ್ನು ತಂದ.

1814ರಲ್ಲಿ ಲಂಡನ್ನಿನಲ್ಲಿ ಒಂದು ಹೆಣ್ಣು ಕತ್ತೆಗೆ ಅದನ್ನು ಚುಚ್ಚಿದರು. ಹತ್ತು ನಿಮಿಷದಲ್ಲಿ ಅದು ಸತ್ತ ಹಾಗೆ ಬಿದ್ದುಬಿಡ್ತು. ತಕ್ಷಣ ಶ್ವಾಸನಾಳಕ್ಕೆ ಒಂದು ಸಣ್ಣ ತೂತು ಮಾಡಿ, ತಿದಿಯಿಂದ ಗಾಳಿ ಊದೋಕೆ ಶುರು ಮಾಡಿದರು. ನಮ್ಮ ಕುಲುಮೆಯಲ್ಲಿ ಕಮ್ಮಾರರು ಒತ್ತುತ್ತಿದ್ದರಲ್ಲ, ಅಂಥದ್ದೇ ತಿದಿ. ಗಂಟೆಗಟ್ಟಲೆ ಊದಿದರು. ವಿಷದ ಪ್ರಭಾವ ಇಳೀತಾ ಬಂತು, ಕತ್ತೆ ತಲೆ ಎತ್ತಿ ಸುತ್ತಮುತ್ತ ನೋಡಿತು. ಊದೋದು ನಿಲ್ಲಿಸಿದ್ರೆ ಮತ್ತೆ ಕುಸೀತು. ಮತ್ತೆ ಊದಿದರು. ಕೊನೆಗೆ ಎದ್ದು ನಿಂತಿತು. ಆ ವಿಷದ ಹೆಸರಿಂದಲೇ ಅದಕ್ಕೆ ‘ವೌರೇಲಿಯಾ’ ಅಂತ ಹೆಸರಿಟ್ಟರು. ವಾಟರ್‌ಟನ್ನನ ತೋಟದಲ್ಲಿ ಆರಾಮಾಗಿ ಮೇಯ್ಕೊಂಡು 1839ರವರೆಗೆ, ಅಂದ್ರೆ ಇನ್ನೂ 25 ವರ್ಷ ಬದುಕಿತು.

ಈ ಪ್ರಯೋಗ ಹೇಳಿದ ಮಾತು ಸರಳ. ಶ್ವಾಸಕೋಶ ಚೆನ್ನಾಗಿದ್ದು ಸ್ನಾಯು ಮಾತ್ರ ಕೈಕೊಟ್ಟಿದ್ದರೆ, ಸ್ನಾಯುವಿನ ಕೆಲಸವನ್ನು ಬೇರೆಯವರು ಮಾಡಬಹುದು. ಅಷ್ಟು ಹೊತ್ತು ಮಾಡಿದರೆ ಸಾಕು, ದೇಹ ತಾನೇ ವಾಪಸ್ ಬರುತ್ತೆ. ಇಷ್ಟು ಸರಳ ಮಾತು ಆಸ್ಪತ್ರೆಯ ಹಾಸಿಗೆಯವರೆಗೆ ಬರೋಕೆ ನೂರು ವರ್ಷದ ಮೇಲೇ ಹಿಡೀತು.

ಕಬ್ಬಿಣದ ಪೆಟ್ಟಿಗೆ

ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಯುರೋಪು, ಅಮೆರಿಕದ ತಂದೆತಾಯಂದಿರಿಗೆ ಬೇಸಿಗೆ ಅಂದ್ರೆ ಭಯ. ಪೋಲಿಯೋ ಬರ್ತಿದ್ದದ್ದು ಆಗಲೇ. ವೈರಸ್ ತಗುಲಿದ ಬಹುಪಾಲು ಜನರಿಗೆ ಏನೂ ಆಗ್ತಿರಲಿಲ್ಲ, ಹೆಚ್ಚೆಂದರೆ ಸಣ್ಣ ಜ್ವರ. ಕೆಲವರಿಗೆ ಮಾತ್ರ ವೈರಸ್ ಬೆನ್ನುಹುರಿಗೆ ಇಳಿದು ಕೈಕಾಲು ಬಿದ್ದುಹೋಗ್ತಿತ್ತು. ಅವರಲ್ಲೂ ಕೆಲವರಿಗೆ ಉಸಿರಾಟದ ಸ್ನಾಯುಗಳೇ ಬಿದ್ದುಹೋಗ್ತಿದ್ದವು.

ಅವರಿಗಾಗಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಅಗಾಸಿ ಶಾ ಒಂದು ಯಂತ್ರ ಮಾಡಿದರು. ಉದ್ದನೆಯ ಲೋಹದ ಡಬ್ಬ. ರೋಗಿ ಅದರೊಳಗೆ ಮಲಗಬೇಕು, ತಲೆ ಮಾತ್ರ ಹೊರಗೆ, ಕುತ್ತಿಗೆ ಸುತ್ತ ರಬ್ಬರ್ ಪಟ್ಟಿ. ಪಂಪು ಡಬ್ಬದೊಳಗಿನ ಗಾಳಿಯನ್ನು ಹೊರಗೆ ಎಳೆದಾಗ ಎದೆ ಉಬ್ಬುತ್ತೆ, ಮೂಗಿನಿಂದ ಗಾಳಿ ಒಳಗೆ ಹೋಗುತ್ತೆ. ಬಾಟಲಿ-ಬಲೂನಿನದೇ ಲೆಕ್ಕ, ಬಾಟಲಿ ಮಾತ್ರ ಮನುಷ್ಯನಷ್ಟು ಉದ್ದ. ಜನ ಅದಕ್ಕೆ ‘ಐರನ್ ಲಂಗ್’ ಅಂತ ಹೆಸರಿಟ್ಟರು.

1928ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳನ್ನು ಮೊದಲ ಸಲ ಅದರಲ್ಲಿ ಮಲಗಿಸಿದರು. ಪ್ರಜ್ಞೆ ತಪ್ಪಿದ್ದ ಮಗು ಸ್ವಲ್ಪ ಹೊತ್ತಿಗೆಲ್ಲ ಕಣ್ಣು ಬಿಟ್ಟಿತು. ಆದರೆ ಕೆಲವೇ ದಿನಗಳಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಿತು. ಹಾಗಿದ್ದರೂ ಯಂತ್ರ ಕೆಲಸ ಮಾಡುತ್ತೆ ಅನ್ನೋದು ಎಲ್ಲರಿಗೂ ಗೊತ್ತಾಯ್ತು. 1931ರಲ್ಲಿ ಜಾನ್ ಎಮರ್ಸನ್ ಅನ್ನೋ ಯಂತ್ರಗಾರ ಇನ್ನೂ ಅಗ್ಗದ, ಇನ್ನೂ ಸುಧಾರಿಸಿದ ಪೆಟ್ಟಿಗೆ ತಂದ. ಡ್ರಿಂಕರ್ ಮತ್ತು ಹಾರ್ವರ್ಡ್ ಪೇಟೆಂಟ್ ಕೇಸ್ ಹಾಕಿ ಸೋತರು. ಬ್ರಿಟನ್ನಿನಲ್ಲಿ ಕಾರು ತಯಾರಿಸ್ತಿದ್ದ ಲಾರ್ಡ್ ನಫೀಲ್ಡ್, ತನ್ನ ಮಾರಿಸ್ ಕಾರ್ಖಾನೆಯಲ್ಲಿ ಪ್ಲೈವುಡ್ ಪೆಟ್ಟಿಗೆಗಳನ್ನು ಮಾಡಿಸಿ ಸಾಮ್ರಾಜ್ಯದ ಆಸ್ಪತ್ರೆಗಳಿಗೆ ಹಂಚಿದ.

ಐರನ್ ಲಂಗ್ ಸಾವಿರಾರು ಜನರನ್ನು ಉಳಿಸಿತು. ಆದರೆ ಅದಕ್ಕೊಂದು ಮಿತಿ ಇತ್ತು. ಕೆಲವರಿಗೆ ಪೋಲಿಯೋ ಮೆದುಳಿನ ಬುಡಕ್ಕೂ ಹರಡಿ ಗಂಟಲಿನ ಸ್ನಾಯುಗಳನ್ನೂ ಕೆಡಿಸ್ತಿತ್ತು. ಅವರಿಗೆ ನುಂಗೋಕೆ ಆಗಲ್ಲ, ಕೆಮ್ಮೋಕೆ ಆಗಲ್ಲ. ಪೆಟ್ಟಿಗೆ ಒಂದೊಂದು ಸಲ ಗಾಳಿ ಎಳೆದಾಗಲೂ ಅದರ ಜೊತೆ ಎಂಜಲು, ಕಫ ಎಲ್ಲ ಶ್ವಾಸಕೋಶಕ್ಕೇ ಇಳೀತಿತ್ತು.

ಕೋಪನ್‌ಹೇಗನ್ನಿಗೆ 1952ರಲ್ಲಿ ಬಂದದ್ದು ಈ ಥರದ ಪೋಲಿಯೋ.

ತಪ್ಪಾಗಿ ಓದಿದ ಒಂದು ಸಂಖ್ಯೆ

ಒಂದು ವರ್ಷದ ಹಿಂದಷ್ಟೇ, 1951ರ ಸೆಪ್ಟೆಂಬರ್‌ನಲ್ಲಿ, ಅದೇ ಊರಲ್ಲಿ ಪೋಲಿಯೋ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಜಗತ್ತಿನ ದೊಡ್ಡ ದೊಡ್ಡ ತಜ್ಞರೆಲ್ಲ ಬಂದು ಹೋಗಿದ್ದರು. ಮರುವರ್ಷ ಬ್ಲೆಗ್‌ಡಮ್ ಆಸ್ಪತ್ರೆಗೆ ಕೆಲವು ದಿನ 50 ಹೊಸ ರೋಗಿಗಳು ಬರ್ತಿದ್ದರು. ಅಲ್ಲಿದ್ದದ್ದು ಒಂದು ಐರನ್ ಲಂಗ್, ಜೊತೆಗೆ ಎದೆಗೆ ಮಾತ್ರ ಕವಚದ ಹಾಗೆ ಕಟ್ಟೋ ಆರು ಸಣ್ಣ ಯಂತ್ರ.

ಮುಖ್ಯ ವೈದ್ಯ ಹೆನ್ರಿ ಲಾಸೆನ್. ಸಾಯ್ತಿದ್ದ ರೋಗಿಗಳ ಲಕ್ಷಣ ಹೆಚ್ಚುಕಡಿಮೆ ಒಂದೇ ಥರ. ಮೈ ಬೆವರು, ಬಿ.ಪಿ. ಏರಿಕೆ, ಜ್ವರ, ಆಮೇಲೆ ಮಂಪರು, ಆಮೇಲೆ ಸಾವು. ರಕ್ತ ಪರೀಕ್ಷೆಯಲ್ಲಿ ಒಂದು ಸಂಖ್ಯೆ ಮಾತ್ರ ಎಲ್ಲರಲ್ಲೂ ಜಾಸ್ತಿ ಬರ್ತಿತ್ತು. ಅದು ರಕ್ತದಲ್ಲಿ ಕರಗಿರೋ ಒಟ್ಟು ಇಂಗಾಲದ ಡೈಆಕ್ಸೈಡ್‌ನ ಲೆಕ್ಕ. ರಕ್ತದಲ್ಲಿ ಕ್ಷಾರ ಹೆಚ್ಚಾದರೂ ಆ ಸಂಖ್ಯೆ ಏರುತ್ತೆ. ಹಾಗಾಗಿ ಇದು ಕಾರಣ ಗೊತ್ತಿಲ್ಲದ ಕ್ಷಾರದ ತೊಂದರೆ, ವೈರಸ್ ಮೆದುಳನ್ನು ತಿಂದುಹಾಕಿದೆ, ಇನ್ನೇನೂ ಮಾಡೋಕಾಗಲ್ಲ ಅಂತ ಅಂದ್ಕೊಂಡಿದ್ದರು.

ಅಲ್ಲೇ ಕೆಲಸ ಮಾಡ್ತಿದ್ದ ಮೋಗನ್ಸ್ ಬ್ಯೋರ್ನೆಬೋ ಅನ್ನೋ ವೈದ್ಯರಿಗೆ ಒಬ್ಬರ ನೆನಪಾಯ್ತು. ಬ್ಯೋರ್ನ್ ಇಬ್ಸೆನ್. ವಯಸ್ಸು 36, ಅರಿವಳಿಕೆ ವೈದ್ಯ, ಬಾಸ್ಟನ್ನಿನಲ್ಲಿ ತರಬೇತಿ ಪಡೆದು ಬಂದವರು. ಆಗಿನ ಕಾಲದಲ್ಲಿ ಅರಿವಳಿಕೆ ವೈದ್ಯರಿಗೆ ಆಪರೇಷನ್ ಥಿಯೇಟರಿನ ಹೊರಗೆ ಅಂಥ ಬೆಲೆ ಇರಲಿಲ್ಲ. ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ಅವರನ್ನು ಕರೆಯೋದು ಅಂದ್ರೆ ಯಾರಿಗೂ ಹೊಳೆಯೋ ವಿಷಯ ಅಲ್ಲ. ಲಾಸೆನ್ ಮೊದಲು ಅಷ್ಟೇನೂ ಮನಸ್ಸು ಮಾಡಲಿಲ್ಲ, ಕೊನೆಗೆ ಒಪ್ಪಿದರು. ಆಗಸ್ಟ್ 25ಕ್ಕೆ ಸಭೆ ಕರೆದರು.

ಇಬ್ಸೆನ್ ನೋಡಿದ್ದೇ ಬೇರೆ. ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶಗಳು ಉಸಿರಾಟ ನಿಲ್ಲೋ ಅಷ್ಟೇನೂ ಕೆಟ್ಟಿರಲಿಲ್ಲ. ಇನ್ನು ಆ ಸಂಖ್ಯೆ. ಆಪರೇಷನ್ ಟೇಬಲ್ ಮೇಲೆ ಉಸಿರು ಸಾಲದೇ ಹೋದ ರೋಗಿಗೆ ಬೆವರು ಬರೋದು, ಬಿ.ಪಿ. ಏರೋದು ಅವರು ದಿನಾ ನೋಡ್ತಿದ್ದ ವಿಷಯ. ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗದೇ ರಕ್ತದಲ್ಲೇ ತುಂಬಿಕೊಂಡರೂ ಆ ಸಂಖ್ಯೆ ಏರುತ್ತೆ. ಅಂದರೆ ರಕ್ತ ಕ್ಷಾರ ಆಗಿಲ್ಲ, ಆಮ್ಲ ಆಗಿದೆ. ಇವರು ಮೆದುಳು ಕೆಟ್ಟು ಸಾಯ್ತಿಲ್ಲ. ಗಾಳಿ ಆಡದೇ ಸಾಯ್ತಿದ್ದಾರೆ.

ಇಲ್ಲಿ ಇನ್ನೊಂದು ಮೋಸವೂ ಇತ್ತು, ಇದನ್ನ ಗಮನ ಇಟ್ಟು ಕೇಳಿ. ರೋಗಿಗಳಿಗೆ ಆಕ್ಸಿಜನ್ ಕೊಡ್ತಿದ್ದರು. ಹಾಗಾಗಿ ಅವರ ಮೈ ನೀಲಿಗಟ್ಟುತ್ತಿರಲಿಲ್ಲ, ಬಣ್ಣ ಚೆನ್ನಾಗಿಯೇ ಕಾಣ್ತಿತ್ತು. ಆದರೆ ಉಸಿರಾಟಕ್ಕೆ ಎರಡು ಕೆಲಸ ಇದೆ. ಆಕ್ಸಿಜನ್ ಒಳಗೆ ತರೋದು ಒಂದು, ಇಂಗಾಲದ ಡೈಆಕ್ಸೈಡ್ ಹೊರಗೆ ಹಾಕೋದು ಇನ್ನೊಂದು. ಹೊರಗೆ ಹಾಕಬೇಕಾದರೆ ಎದೆ ಚೆನ್ನಾಗಿ ಏರಿ ಇಳೀಬೇಕು. ಸಿಲಿಂಡರ್ ಎಷ್ಟೇ ದೊಡ್ಡದಿರಲಿ, ಎದೆ ಅಲ್ಲಾಡದಿದ್ದರೆ ಕಸ ಒಳಗೇ ಉಳಿಯುತ್ತೆ.

ಹನ್ನೆರಡು ವರ್ಷದ ಹುಡುಗಿ

ಹೇಳೋದು ಒಂದು, ಮಾಡಿ ತೋರಿಸೋದು ಇನ್ನೊಂದು. ಸಭೆ ಆದ ಒಂದೆರಡು ದಿನಕ್ಕೇ ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ಆರಿಸಿಕೊಂಡರು. ನಾಲ್ಕೂ ಕೈಕಾಲು ಬಿದ್ದುಹೋಗಿತ್ತು, ಜ್ವರ ಸುಡ್ತಿತ್ತು, ಗಂಟಲಲ್ಲಿ ಕಫ ಕಟ್ಟಿ ಏದುಸಿರು ಬಿಡ್ತಿದ್ದಳು. ಬದುಕ್ತಾಳೆ ಅಂತ ಯಾರಿಗೂ ನಂಬಿಕೆ ಇರಲಿಲ್ಲ.

ಕುತ್ತಿಗೆಗೆ ಮರಗಟ್ಟಿಸೋ ಔಷಧ ಕೊಟ್ಟು, ಶ್ವಾಸನಾಳಕ್ಕೆ ತೂತು ಮಾಡಿ, ಒಂದು ಕೊಳವೆ ಇಳಿಸಿದರು. ಕತ್ತೆಗೆ ಮಾಡಿದ ಹಾಗೇ. ಆ ಕೊಳವೆಗೆ ಇಬ್ಸೆನ್ ಒಂದು ರಬ್ಬರ್ ಚೀಲ ಜೋಡಿಸಿ ಕೈಯಿಂದ ಹಿಸುಕಿದರು. ಗಾಳಿ ಒಳಗೆ ಹೋಗಲೇ ಇಲ್ಲ. ಶ್ವಾಸನಾಳಗಳು ಬಿಗಿದುಕೊಂಡಿದ್ದವು, ಹುಡುಗಿ ಒದ್ದಾಡ್ತಿದ್ದಳು. ನೋಡೋಕೆ ಬಂದಿದ್ದ ವೈದ್ಯರು ಇನ್ನು ಮುಗೀತು ಅಂತ ಒಬ್ಬೊಬ್ಬರಾಗಿ ಹೊರಗೆ ಹೋದರು. ಇಬ್ಸೆನ್ ಆಗ ಮಾಡಿದ್ದು ದೊಡ್ಡ ಧೈರ್ಯದ ಕೆಲಸ. ಪೆಂಟೋಥಾಲ್ ಅನ್ನೋ ಅರಿವಳಿಕೆ ಔಷಧ ಕೊಟ್ಟುಬಿಟ್ಟರು. ಹುಡುಗಿಯ ಒದ್ದಾಟ ನಿಂತಿತು, ಇದ್ದಬದ್ದ ಸ್ವಂತ ಉಸಿರೂ ನಿಂತಿತು. ಆದರೆ ಎದೆ ಸಡಿಲವಾಯ್ತು. ಈಗ ಹಿಸುಕಿದರೆ ಗಾಳಿ ಹೋಯ್ತು, ಎದೆ ಏರಿತು. ಸ್ವಲ್ಪ ಹೊತ್ತಿಗೆ ಬೆವರು ನಿಂತು ಮೈ ಒಣಗಿತು, ಬಿ.ಪಿ. ಇಳೀತು.

ಅಷ್ಟಕ್ಕೇ ಬಿಡಲಿಲ್ಲ. ಚೀಲ ತೆಗೆದು ಹಳೆಯ ಕವಚದ ಯಂತ್ರಕ್ಕೆ ಹಾಕಿ ನೋಡಿದರು. ಡೈಆಕ್ಸೈಡ್ ಮತ್ತೆ ಏರಿತು. ಮತ್ತೆ ಚೀಲ ಹಿಸುಕಿದರು, ಇಳೀತು. ಅಲ್ಲಿದ್ದವರಿಗೆ ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ಹುಡುಗಿ ಬದುಕಿದಳು. ಕೈಕಾಲಿಗೆ ಶಕ್ತಿ ಬರಲಿಲ್ಲ, ಉಸಿರಿಗೆ ಯಂತ್ರ ಬೇಕಾಗೇ ಇತ್ತು, ಆದರೆ 1971ರವರೆಗೆ ಬದುಕಿದಳು.

ಒಂದೂವರೆ ಸಾವಿರ ಜೋಡಿ ಕೈ

ಉತ್ತರ ಸಿಕ್ತು. ಆದರೆ ಚೀಲ ಹಿಸುಕೋರು ಯಾರು? ಒಬ್ಬ ರೋಗಿಗೆ ನಿಮಿಷಕ್ಕೆ ಹತ್ತಿಪ್ಪತ್ತು ಸಲ, ದಿನಕ್ಕೆ 24 ಗಂಟೆ, ವಾರಗಟ್ಟಲೆ, ತಿಂಗಳುಗಟ್ಟಲೆ. ಬೇರೆ ಯಂತ್ರ ಕೈಯಲ್ಲಿ ಇರಲಿಲ್ಲ.

ಲಾಸೆನ್ ಇಲ್ಲಿ ಹಿಂದೆಮುಂದೆ ನೋಡಲಿಲ್ಲ. ಕೋಪನ್‌ಹೇಗನ್ನಿನ ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು. ಪಾಳಿ ಹಾಕಿ ಕೂರಿಸಿದರು. ಆ ವರ್ಷದ ಕೊನೆಯವರೆಗೆ ಸುಮಾರು 1,500 ವಿದ್ಯಾರ್ಥಿಗಳು ಒಟ್ಟು 1,65,000 ಗಂಟೆ ಚೀಲ ಹಿಸುಕಿದರು. ಒಂದು ಹಂತದಲ್ಲಿ ಒಂದೇ ಸಮಯಕ್ಕೆ 70 ರೋಗಿಗಳು ಹೀಗೆ ಬೇರೆಯವರ ಕೈಯಲ್ಲಿ ಉಸಿರಾಡ್ತಿದ್ದರು.

ಅವರಲ್ಲಿ ಬಹಳಷ್ಟು ಜನರ ವಯಸ್ಸು ಇದನ್ನ ಕೇಳ್ತಿರೋ ನಿಮ್ಮದೇ. ಇಪ್ಪತ್ತು, ಇಪ್ಪತ್ತೆರಡು. ಹಾಸಿಗೆ ಪಕ್ಕ ಸ್ಟೂಲು, ಕೈಯಲ್ಲಿ ರಬ್ಬರ್ ಚೀಲ, ಎದುರಿಗೆ ಒಂದು ಮಗು. ಕುತ್ತಿಗೆಯಲ್ಲಿ ಕೊಳವೆ ಇರೋದ್ರಿಂದ ಮಗುವಿಗೆ ಮಾತು ಬರಲ್ಲ. ತುಟಿ ಅಲ್ಲಾಡೋದು ನೋಡಿ, ಕಣ್ಣು ನೋಡಿ ಅರ್ಥ ಮಾಡ್ಕೊಬೇಕು. ಗಾಳಿ ಸಾಕಾ, ಇನ್ನೂ ಬೇಕಾ, ಜೋರಾಯ್ತಾ? ಕೆಲವರು ಕಥೆಪುಸ್ತಕ ಓದಿ ಹೇಳ್ತಿದ್ದರು. ಪಾಳಿ ಮುಗಿಸಿ ಹೋದವರು ಮರುದಿನ ಬಂದಾಗ ಹಾಸಿಗೆ ಖಾಲಿ ಇದ್ದದ್ದೂ ಉಂಟು. ಯಾಕಂದ್ರೆ ಎಲ್ಲರೂ ಉಳಿಯಲಿಲ್ಲ.

ಆದರೆ ಲೆಕ್ಕ ಬದಲಾಯ್ತು. ಆ ವರ್ಷ ಅಲ್ಲಿಗೆ ಬಂದ ಪೋಲಿಯೋ ರೋಗಿಗಳು 2,700ಕ್ಕೂ ಹೆಚ್ಚು. ಉಸಿರಾಟಕ್ಕೆ ಸಹಾಯ ಬೇಕಾದವರು 300ಕ್ಕಿಂತ ಜಾಸ್ತಿ. ಅಂಥವರಲ್ಲಿ ಮೊದಲು ನೂರಕ್ಕೆ 87 ಜನ ಸಾಯ್ತಿದ್ದದ್ದು 40ರ ಆಸುಪಾಸಿಗೆ ಇಳೀತು, ಆಮೇಲೆ ಇನ್ನೂ ಇಳೀತು. ಹೊಸ ಔಷಧ ಬಂದಿರಲಿಲ್ಲ. ವೈರಸ್ಸಿಗೆ ಯಾರೂ ಏನೂ ಮಾಡಿರಲಿಲ್ಲ. ಗಾಳಿ ಸರಿಯಾಗಿ ಒಳಗೆ ಹೊರಗೆ ಆಡಿತು, ಅಷ್ಟೇ.

ಕೈಯಿಂದ ಯಂತ್ರಕ್ಕೆ

ಸ್ವೀಡನ್‌ನಲ್ಲಿ ಕಾರ್ಲ್-ಗುನ್ನಾರ್ ಎಂಗ್‌ಸ್ಟ್ರೋಮ್ ಅನ್ನೋ ವೈದ್ಯ ಅದೇ ಚೀಲದ ಕೆಲಸವನ್ನು ಯಂತ್ರದಿಂದ ಮಾಡಿಸಿದರು. 2020ರಲ್ಲಿ ದಿನಾ ಟೀವಿಯಲ್ಲಿ ಕೇಳಿದ ‘ವೆಂಟಿಲೇಟರ್’ ಈ ವಂಶದ್ದು. ಕೋಪನ್‌ಹೇಗನ್ನಿನ ಪ್ರಯೋಗಾಲಯದಲ್ಲಿ ಪೌಲ್ ಆಸ್ಟ್ರಪ್ ರಕ್ತದ ಆಮ್ಲ-ಕ್ಷಾರ ಅಳೆಯೋ ವಿಧಾನ ಬೆಳೆಸಿದರು. ಇವತ್ತು ಐಸಿಯುನಲ್ಲಿ ‘ಎಬಿಜಿ ಮಾಡಿಸಿ’ ಅಂತಾರಲ್ಲ, ಅದರ ಮೂಲ ಅಲ್ಲಿದೆ. ಇನ್ನು ಐಸಿಯು! 1953ರ ಕೊನೆಗೆ ಇಬ್ಸೆನ್ ಕೋಪನ್‌ಹೇಗನ್ನಿನ ಮುನಿಸಿಪಲ್ ಆಸ್ಪತ್ರೆಯಲ್ಲಿ ಒಂದು ವಾರ್ಡ್ ತೆರೆದರು. ರೋಗ ಯಾವುದೇ ಇರಲಿ, ಉಸಿರಾಟ, ರಕ್ತಸಂಚಾರ ಕೈಕೊಟ್ಟವರನ್ನು ಒಂದೇ ಕಡೆ ಹಗಲು ರಾತ್ರಿ ನೋಡಿಕೊಳ್ಳೋ ವಾರ್ಡ್. ಜಗತ್ತಿನ ಮೊದಲ ಐಸಿಯು ಅಂತ ಸಾಮಾನ್ಯವಾಗಿ ಹೇಳೋದು ಅದನ್ನೇ.

1956ರಲ್ಲಿ ಡೆನ್ಮಾರ್ಕಿನ ಇಂಜಿನಿಯರ್ ಹೋಲ್ಗರ್ ಹೆಸ್ಸೆ, ಅರಿವಳಿಕೆ ವೈದ್ಯ ಹೆನ್ನಿಂಗ್ ರೂಬೆನ್ ಸೇರಿ ಹೊಸ ಚೀಲ ತಂದರು. ಹಿಸುಕಿ ಬಿಟ್ಟರೆ ತಾನೇ ಉಬ್ಬಿಕೊಳ್ಳುತ್ತೆ, ಸಿಲಿಂಡರ್ ಇಲ್ಲದಿದ್ದರೂ ನಡೆಯುತ್ತೆ. ಹೆಸರು ಆಂಬು ಬ್ಯಾಗ್.

ಐರನ್ ಲಂಗ್ ಮಾತ್ರ ಪೂರ್ತಿ ಮರೆಯಾಗಲಿಲ್ಲ. ಅದೇ 1952ರಲ್ಲಿ, ಅಮೆರಿಕದ ಟೆಕ್ಸಸ್‌ನಲ್ಲಿ, ಆರು ವರ್ಷದ ಪಾಲ್ ಅಲೆಕ್ಸಾಂಡರ್‌ಗೆ ಪೋಲಿಯೋ ಬಂತು. ಪೆಟ್ಟಿಗೆಯೊಳಗೆ ಹೋದ ಹುಡುಗ ಅದರಲ್ಲೇ ಬೆಳೆದು ಕಾನೂನು ಓದಿ ವಕೀಲನಾದ. ಕಪ್ಪೆಯ ಹಾಗೆ ಬಾಯಿಂದ ಗಾಳಿಯನ್ನು ಗುಟುಕು ಗುಟುಕಾಗಿ ನುಂಗಿ ಕೆಲವು ಗಂಟೆ ಪೆಟ್ಟಿಗೆಯ ಹೊರಗಿರೋದನ್ನು ಕಲಿತ. 2024ರ ಮಾರ್ಚ್‌ನಲ್ಲಿ, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟೂ ವರ್ಷ ಅವರ ಜೊತೆಗಿದ್ದದ್ದು ಆ ಪೆಟ್ಟಿಗೆ.

ನಮ್ಮ ಹೊಲ, ನಮ್ಮ ಮನೆ

ಭಾರತ ಪೋಲಿಯೋದಿಂದ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿದ್ದು 2014ರ ಮಾರ್ಚ್ 27ಕ್ಕೆ. ನಿಮ್ಮ ಬಾಯಿಗೂ ಆ ಎರಡು ಹನಿ ಬಿದ್ದಿರುತ್ತೆ. ಹಾಗಂತ ಶ್ವಾಸಕೋಶದ ಹೊರಗಿನ ಕಾರಣದಿಂದ ಉಸಿರು ನಿಲ್ಲೋದು ನಿಂತಿಲ್ಲ. 2025ರ ಆರಂಭದಲ್ಲಿ ಪುಣೆಯಲ್ಲಿ ಜಿಬಿಎಸ್ ಕಾಯಿಲೆ ಸುದ್ದಿಯಾಯ್ತಲ್ಲ, ಅದು ನರಗಳ ಕಾಯಿಲೆ. ಕೆಲವರಿಗೆ ವೆಂಟಿಲೇಟರ್ ಬೇಕಾದದ್ದು ಅದಕ್ಕೇ. ಬೆನ್ನುಮೂಳೆ ವಿಪರೀತ ಡೊಂಕಾದರೆ ಎದೆಗೂಡಿನಲ್ಲಿ ಜಾಗ ಕಡಿಮೆಯಾಗುತ್ತೆ. ಮಸ್ಕ್ಯುಲರ್ ಡಿಸ್ಟ್ರೊಫಿ ಇರೋರಿಗೆ ಸ್ನಾಯುವೇ ಸೋಲುತ್ತೆ. ಅಂಥವರಿಗೆ ಎಕ್ಸ್‌ರೇಯಲ್ಲಿ ಶ್ವಾಸಕೋಶ ಸರಿ ಕಂಡರೂ ರಾತ್ರಿ ಮಲಗಿದಾಗ ಉಸಿರು ಸಾಲದೇ ಬೆಳಗ್ಗೆ ತಲೆನೋವು, ಮಂಪರು ಬರಬಹುದು.

ನಮಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಹಾವು. ಕಟ್ಟುಹಾವು, ಕೆಲವು ಕಡೆ ಕಡಂಬಳ ಅಂತಾರೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತೆ. ಎಷ್ಟೋ ಸಲ ನೋವೂ ಇರಲ್ಲ, ಊತವೂ ಇರಲ್ಲ, ಕಚ್ಚಿದ ಗುರುತೂ ಸಿಗಲ್ಲ. ಅದರ ವಿಷವೂ ನಾಗರಹಾವಿನ ವಿಷವೂ ಕೆಲಸ ಮಾಡೋದು ಕ್ಯುರಾರೆ ಥರ, ನರ ಸ್ನಾಯುವನ್ನು ಸೇರೋ ಜಾಗದಲ್ಲಿ. ಮೊದಲು ಕಣ್ಣಿನ ರೆಪ್ಪೆ ಜೋತುಬೀಳುತ್ತೆ. ಆಮೇಲೆ ನುಂಗೋಕೆ ಆಗಲ್ಲ, ಮಾತು ತೊದಲುತ್ತೆ. ಆಮೇಲೆ ಉಸಿರು.

ಆ ಹಂತದಲ್ಲಿ ರೋಗಿ ಪೂರ್ತಿ ಸತ್ತ ಹಾಗೇ ಕಾಣಬಹುದು. ಕೈಕಾಲು ಅಲ್ಲಾಡಲ್ಲ, ಕರೆದರೆ ಉತ್ತರ ಇಲ್ಲ, ಕಣ್ಣಿಗೆ ಬೆಳಕು ಬಿಟ್ಟರೂ ಪಾಪೆ ಅಲುಗಾಡದೇ ಇರಬಹುದು. ಆದರೆ ಒಳಗೆ ಪ್ರಜ್ಞೆ ಇರೋ ಸಾಧ್ಯತೆ ಇದೆ. ಪಕ್ಕದಲ್ಲಿ ಅಳ್ತಿರೋದು ಕೇಳಿಸ್ತಾ ಇರಬಹುದು. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸೋದರಿಂದ, ಕೆಟ್ಟ ಮೇಲೆ ಕೊಟ್ಟ ಆಂಟಿವೆನಮ್ ಅದನ್ನು ತಕ್ಷಣ ಸರಿಮಾಡಲ್ಲ. ಆ ತುದಿ ಮತ್ತೆ ಬೆಳೀಬೇಕು, ಅದಕ್ಕೆ ದಿನಗಳು ಬೇಕು. ಆ ದಿನಗಳನ್ನು ದಾಟಿಸೋದು ಯಾರಾದರೂ ಒತ್ತೋ ಆಂಬು ಬ್ಯಾಗ್, ಆಮೇಲೆ ವೆಂಟಿಲೇಟರ್. ದಾಟಿದವರಲ್ಲಿ ಎಷ್ಟೋ ಜನ ಎದ್ದು ನಡ್ಕೊಂಡು ಮನೆಗೆ ಹೋಗ್ತಾರೆ, ಲಂಡನ್ನಿನ ಆ ಕತ್ತೆಯ ಹಾಗೆ.

ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಎಲ್ಲಿ ಎಷ್ಟು ಜನರಿಗೆ ಕಚ್ಚುತ್ತಿದೆ ಅನ್ನೋ ಲೆಕ್ಕ ಸಿಗೋಕೆ ಅದು ಬೇಕಿತ್ತು. ಇನ್ನು ನಮ್ಮ ಕೈಲಿರೋದು ಇಷ್ಟು. ಮನೆಯಲ್ಲಿ ಯಾರಾದ್ರೂ ಬೆಳಗಿನ ಜಾವ ಎದ್ದು ಹೊಟ್ಟೆನೋವು, ರೆಪ್ಪೆ ಭಾರ, ನುಂಗೋಕೆ ಆಗ್ತಿಲ್ಲ ಅಂದ್ರೆ ಗಾಯ ಹುಡುಕ್ತಾ ಕೂರಬೇಡಿ, ಮಂತ್ರ ಹಾಕಿಸೋಕೆ ಹೋಗಬೇಡಿ. 108ಕ್ಕೆ ಫೋನ್ ಮಾಡಿ, ವೆಂಟಿಲೇಟರ್ ಇರೋ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಉಸಿರು ನಿಂತರೆ ಅಲ್ಲಿಗೆ ಮುಗೀತು ಅಂದ್ಕೊಂಡು ಗಾಡಿ ತಿರುಗಿಸಬೇಡಿ. ಶ್ವಾಸಕೋಶ ಇನ್ನೂ ಚೆನ್ನಾಗಿರುತ್ತೆ. ಅದಕ್ಕೆ ಬೇಕಾಗಿರೋದು ಗಾಳಿ ಕೊಡೋ ಎರಡು ಕೈ.

ಈ ಸಂಚಿಕೆಯನ್ನ ಊರಿನ ವಾಟ್ಸ್ಆ್ಯಪ್ ಗ್ರೂಪಿಗೊಂದು ಫಾರ್ವರ್ಡ್ ಮಾಡಿ, ಮಳೆಗಾಲ ಶುರುವಾಗೋ ಮೊದಲು ಕೇಳಿಸಿಕೊಳ್ಳಲಿ.